ಬೆಕ್ಕಿನ ಸಾಮಾನು

ಗೆಳೆಯರೇ, ಇವತ್ತು ಸವಣೂರಿನ ನಮ್ಮ ಓಣಿಯಲ್ಲಿ ಒಂದು ಅನ್ಯಾಯ ಸ್ವಲ್ಪದರಲ್ಲಿ ತಪ್ಪಿತು. ಬಂಕಾಪುರಕ್ಕೆ ಮನೆ ಬದಲಿಸುತ್ತಿದ್ದ ಪಕ್ಕದ ಮನೆಯ ಹಸೀನಾಬಿ, ಎರಡೂ ಮನೆಗೆ ಓಡಾಡಿಕೊಂಡಿದ್ದ ಬೆಕ್ಕನ್ನೂ ಬುಟ್ಟಿಯಲ್ಲಿ ಕೂರಿಸಿ ಟೆಂಪೋ ಹತ್ತಿಸಿದ್ದರು. ಅದರ ಅಜ್ಜಿಗೂ ಹಾಲು ಹಾಕಿದವನು ನಾನು!

“ಅದು ದಿನಾ ನನ್ನ ಕೈ ನೆಕ್ಕತೈತ್ರಿ. ಬೆಕ್ಕು ತನ್ನವರನ್ನ ನೆಕ್ಕಿ ತನ್ನ ವಾಸನಿ ಹಚ್ಚತೈತಿ ಅಂತ ಓದೇನಿ” ಎಂದು ವಾದಿಸಿದೆ.

“ಹಂಗಾದ್ರ ಮಾಸ್ತರ್ರ, ಬೆಕ್ಕು ನಿಮ್ದಲ್ಲ, ನೀವೇ ಬೆಕ್ಕಿನ ಸಾಮಾನು. ಹತ್ರಿ ಟೆಂಪೋ, ಗಾದಿ ಬಾಜೂಕ ಜಾಗಾ ಐತಿ!” ಎಂದರು ಹಸೀನಾಬಿ.

ಓಣಿಯೆಲ್ಲ ನಕ್ಕಿತು. ಅಷ್ಟರಲ್ಲಿ ಬೆಕ್ಕು ಬುಟ್ಟಿಯಿಂದ ಜಿಗಿದು ಬಂದು ನಮ್ಮ ಕಟ್ಟೆಯ ಮೇಲೆ ಕೂತುಬಿಟ್ಟಿತು. ಹಸೀನಾಬಿ ಕಣ್ಣೊರೆಸಿಕೊಂಡು ಅದರ ತಲೆ ಸವರಿದರು. “ಮಾಸ್ತರನ್ನ ಚಂದಂಗ ನೋಡ್ಕೋ” ಎಂದು ಬೆಕ್ಕಿಗೇ ಹೇಳಿ ಹೊರಟರು.

ಅಂತೂ ನಾನು ಬಂಕಾಪುರಕ್ಕೆ ಹೋಗುವುದು ತಪ್ಪಿತು.