ಮೇಜರ್ ಅಗಾತಾ ಮತ್ತು ಎದ್ದು ನಿಲ್ಲುವ ಸೊಸೆ

ಭಾರತೀಯ ಸೇನೆಯ ನರ್ಸಿಂಗ್ ವಿಭಾಗದಿಂದ ನಿವೃತ್ತರಾದ ಮೇಜರ್ ಅಗಾತಾ ೨೦೦೬ರಲ್ಲಿ ದೋಹಾಕ್ಕೆ ಬಂದದ್ದು ಬಸುರಿ ಸೊಸೆಯನ್ನು ಮಲಗಿಸುವುದಕ್ಕೆ. ಕೆಲಸ ಸುಲಭವೆಂದೇ ಅವರ ಎಣಿಕೆ. ಸೊಸೆ ಮರೀನಾ ಲೆಫ್ಟಿನೆಂಟ್ ಆಗಿದ್ದಾಗ ಅವರ ಕೈಕೆಳಗೆ ಪಳಗಿದವಳು. ಆ ಶಿಸ್ತನ್ನು ಮೆಚ್ಚಿಯೇ ಮಗನಿಗೆ ತಂದುಕೊಂಡಿದ್ದರು.

ಮರೀನಾಳಿಗೆ ಆರನೆಯ ತಿಂಗಳಲ್ಲೇ ನೋವು ಕಾಣಿಸಿಕೊಂಡಿತ್ತು. ಹೆಚ್ಚು ನಿಂತರೆ ಮಗು ದಿನ ತುಂಬುವ ಮೊದಲೇ ಬಂದೀತೆಂದು ಡಾಕ್ಟರರು ಎಚ್ಚರಿಸಿದ್ದರು. ಅಗಾತಾರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸಮವಸ್ತ್ರದಲ್ಲಿ ರಾತ್ರಿಪಾಳಿಯುದ್ದಕ್ಕೂ ನಿಂತು, ಬಾತ್‌ರೂಮಿಗೆ ಹೋಗಲು ಪುರಸತ್ತಿಲ್ಲವೆಂದು ನೀರನ್ನೂ ಕುಡಿಯದೆ, ನೋವನ್ನು ಮೇಲಿನವರಿಗೆ ಹೇಳದೆ, ಅವರು ಮಗ ಸ್ಟೀವನ್‌ನನ್ನು ಏಳು ತಿಂಗಳಿಗೇ ಹೆತ್ತಿದ್ದರು.

"ಅವತ್ತು ಅವಸರ ಮಾಡಿದವನು, ಆಮೇಲೆ ಯಾವುದಕ್ಕೂ ಹೊತ್ತಿಗೆ ಸರಿಯಾಗಿ ಬಂದಿಲ್ಲ," ಎಂದು ಮಗನನ್ನು ಕೆಣಕುತ್ತಿದ್ದರು.

ದೋಹಾದ ಬಿನ್ ಮಹಮೂದ್ ಬಡಾವಣೆಯಲ್ಲಿದ್ದ ಮಗನ ಪುಟ್ಟ ಫ್ಲಾಟಿನಲ್ಲೂ ಅಗಾತಾ ಗಳಿಗೆಗೊಮ್ಮೆ ರೌಂಡ್ಸ್ ಹೊರಡುವರು. ಅವರು ಬಾಗಿಲಲ್ಲಿ ಕಾಣಿಸಿಕೊಂಡೊಡನೆ ಮರೀನಾ ಮಂಚದಿಂದಿಳಿದು ನೆಟ್ಟಗೆ ನಿಲ್ಲುವಳು.

"ಮಲಗು!"

"ಎಸ್, ಮೇಡಮ್!" ಆ ಉತ್ತರವೂ ನಿಂತುಕೊಂಡೇ.

ಅಗಾತಾರಿಗೆ ಒಳಗೊಳಗೇ ಹಿತವೆನಿಸುತ್ತಿತ್ತು. ಶುಕ್ರವಾರ ರಜೆಯಲ್ಲಿ ಮನೆಯಲ್ಲಿದ್ದ ಸ್ಟೀವನ್ ಇದನ್ನೆಲ್ಲ ಕಂಡ.

"ಮಮ್ಮಿ, ನೀವು ಬರುವ ಮೊದಲು ಇವಳು ಚಂದ ಮಲಗಿಕೊಂಡಿದ್ದಳು. ಈಗ ದಿನವಿಡೀ ಪರೇಡ್!"

"ಎಂಥ ಮಾತಾಡ್ತಿ? ನಾನು ನಿಲ್ಲು ಅಂದೆನಾ?"

"ಅನ್ನಬೇಕಾ? ನಿಮ್ಮ ಮುಖ ಕಂಡರೆ ಸಾಕಲ್ಲ!"

ಅಂದು ಸಂಜೆ ಮರೀನಾಳ ಹೊಟ್ಟೆ ಮತ್ತೆ ಬಿಗಿಯಿತು. ಅದು ಸಡಿಲವಾಗುವವರೆಗೂ ಅಗಾತಾ ಅದರ ಮೇಲಿಂದ ಕೈ ತೆಗೆಯಲಿಲ್ಲ. ತಾನು ನಿಂತು ಅನುಭವಿಸಿದ್ದನ್ನೇ ಈ ಹುಡುಗಿಯೂ ನಿಂತು ಅನುಭವಿಸುವಂತೆ ಮಾಡುತ್ತಿದ್ದೇನೆಂಬುದು ಅವರಿಗೆ ಆಗ ಹೊಳೆಯಿತು.

ಮರುದಿನ ಅವರು ಮಾಸಿದ ನೈಟಿಯಲ್ಲಿ, ತಲೆಗೆ ಎಣ್ಣೆ ಮೆತ್ತಿಕೊಂಡು ಬಂದವರೇ, ಮಂಚದ ಪಕ್ಕದಲ್ಲಿ ನೆಲದ ಮೇಲೆ ಕುಳಿತು ಸಿಗಡಿ ಸುಲಿಯತೊಡಗಿದರು. ಮರೀನಾ ಅರ್ಧ ಎದ್ದಳು.

"ಸಿಗಡಿ ಸುಲಿಯುವವಳಿಗೆ ಯಾರಾದರೂ ಸೆಲ್ಯೂಟ್ ಹೊಡೀತಾರಾ? ಬಿದ್ದುಕೋ."

ಮರೀನಾ ನಕ್ಕು ಮಲಗಿದಳು. ವಾಸನೆಗೆ ಸ್ಟೀವನ್ ಮಾತ್ರ ಹಾಲ್‌ನಲ್ಲಿ ಮಲಗಬೇಕಾಯಿತು.

ವಾರ ಕಳೆಯುವಷ್ಟರಲ್ಲಿ ಮರೀನಾ 'ಮೇಡಮ್' ಬಿಟ್ಟು, ಕೊಂಕಣಿ ಸೊಸೆಯರು ಅತ್ತೆಯನ್ನು ಕರೆಯುವಂತೆ, "ಮಾಂಯ್, ಸ್ವಲ್ಪ ನೀರು ಕೊಡಿ," ಎಂದಳು, ಕಣ್ಣನ್ನೂ ತೆರೆಯದೆ. ಮೇಜರ್‌ಗೆ ಒಂದು ಕ್ಷಣ ಚುರುಕ್ಕೆಂದಿತು. ಲೆಫ್ಟಿನೆಂಟ್ ಒಬ್ಬಳು ಮಲಗಿದಲ್ಲಿಂದಲೇ ಅವರಿಗೆ ಅಪ್ಪಣೆ ಕೊಟ್ಟದ್ದು ಇದೇ ಮೊದಲು. ಎದ್ದು ಹೋಗಿ ನೀರು ತಂದರು.

ಮೊಮ್ಮಗಳು ದಿನ ತುಂಬಿದ ಮೇಲೂ ಎಲ್ಲರನ್ನೂ ಕಾಯಿಸಿ, ಸಾವಕಾಶವಾಗಿ ಬಂದಳು.

"ಲೇಟು. ಅಪ್ಪನ ಗುಣವೇ," ಎಂದು ದೂರುತ್ತಾ ಅಗಾತಾ ಮಗುವನ್ನು ಯಾರ ಕೈಗೂ ಕೊಡಲಿಲ್ಲ.