ಹುಕ್ಕೇರಿ ಹಲಗೆಯ ಹಾವು

ಮೊನ್ನೆ ನಮ್ಮ ಗೋಕಾಕದ ದವಾಖಾನೆಯಲ್ಲಿ ಕಾಲರಾ ಸೂಜಿ ಹಾಕುವ ಮೊದಲು ಕಂಪೌಂಡರು ನನ್ನ ತೋಳಿಗೆ ಸ್ಪಿರಿಟ್ಟಿನ ಹತ್ತಿ ಉಜ್ಜಿದರು. ಸೂಜಿಗೆ ನಾನು ಅಂಜುವವಳಲ್ಲ. ಆ ವಾಸನೆಗೆ ಮಾತ್ರ ತೋಳು ಹಿಂದೆಳೆದುಕೊಂಡೆ. ಇಷ್ಟು ದೊಡ್ಡ ಹೆಂಗಸು ಸೂಜಿಗೆ ಹೆದರಿದಳೆಂದು ಹಿಂದೆ ನಿಂತವರು ನಕ್ಕಿರಬೇಕು. ನಗಲಿ.

ನಿಮಗೆ ಸ್ಪಿರಿಟ್ಟೆಂದರೆ ದವಾಖಾನೆ ನೆನಪಾಗಬಹುದು. ನನಗೆ ನೆನಪಾಗುವುದು ನಮ್ಮ ಎಮ್ಮೆಯ ಕೊಟ್ಟಿಗೆ. ನಮ್ಮ ಮನೆಯವರು ಸಾಲೆಯಲ್ಲಿ ವಿಜ್ಞಾನದ ಮಾಸ್ತರರು. ಮೀನು, ಕಪ್ಪೆ, ಹಲ್ಲಿ, ಹಾವು, ಹೀಗೆ ತಣ್ಣನೆಯ ರಕ್ತದ ಬೆನ್ನೆಲುಬಿನ ಪ್ರಾಣಿ ಎಲ್ಲಿ ಸತ್ತು ಸಿಕ್ಕರೂ ತಂದು ಸ್ಪಿರಿಟ್ಟಿನ ಭರಣಿಯಲ್ಲಿ ಇಡುವುದು ಅವರ ಹುಚ್ಚು. ನಾನು ಮದುವೆಯಾಗಿ ಬಂದ ವರ್ಷ ಅತ್ತೆಯವರು ಮಗನಿಗೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಲಿಂಗಪೂಜಿ ಮಾಡೂ ಮನ್ಯಾಗ ಮೀನಾ? ಎಮ್ಮೀನ ಕೇಳಿ ನೋಡು. ಅದು ಒಪ್ಪಿದ್ರ ಅದರ ಬಾಜೂಕ ಇಡು." ಎಮ್ಮೆ ಬೇಡವೆನ್ನಲಿಲ್ಲ.

ಕೊಟ್ಟಿಗೆಯ ಗೋಡೆಗೆ ಮೂರು ಹಲಗೆ ಬಡಿದರು. ಒಂದು ಹುಕ್ಕೇರಿಯ ಕಡೆಯದು, ಒಂದು ಗೋಕಾಕದ್ದು, ಒಂದು ಮೂಡಲಗಿಯದು. ಒಂದೇ ಜಾತಿಯ ಪ್ರಾಣಿ ಸೀಮೆಯಿಂದ ಸೀಮೆಗೆ ಹೇಗೆ ಬೇರೆಯಾಗುತ್ತದೆ ಎಂಬುದು ಅವರ ಅಭ್ಯಾಸದ ವಿಷಯ. ಅವುಗಳ ಮೈಮೇಲಿನ ಹುರುಪೆ ಎಣಿಸುವ ಕೆಲಸ ನನಗೆ ಬಿತ್ತು. ಜೋಳದಾಗಿನ ಹರಳು ಆರಿಸುವ ಕಣ್ಣು ನಿನ್ನವು ಎಂದು ಉಬ್ಬಿಸಿದರು, ನಾನು ಉಬ್ಬಿದೆ. ಮೊದಲ ವಾರ ಊಟ ಸೇರಲಿಲ್ಲ. ಆಮೇಲೆ ಕೌದಿ ಹೊದ್ದು ಮಲಗಿದರೂ ಅದರ ಹೊಲಿಗೆ ಎಣಿಸುವಂತಾಯಿತು.

ತೋಳಹಾವು ಎಂಬುದೊಂದಿದೆ, ವಿಷವಿಲ್ಲದ್ದು. ಮೂಡಲಗಿಯಿಂದ ಬಂದವುಗಳಿಗೆ ಮೈಮೇಲಿನ ಪಟ್ಟಿ ಮಾಸಲು. ಹುಕ್ಕೇರಿಯ ಕಡೆಯವುಗಳಿಗೆ ಅಚ್ಚ ಬಿಳಿ ಪಟ್ಟಿ. ಕಚ್ಚಿದರೆ ಜನ ಉಳಿಯದ ಕಟ್ಟಹಾವಿನ ತದ್ರೂಪ. "ಪಟ್ಟಿ ನಂಬಬ್ಯಾಡ, ಬೆನ್ನ ನೋಡು" ಎನ್ನುತ್ತಿದ್ದರು ಮನೆಯವರು. ಕಟ್ಟಹಾವಿಗೆ ನಡುಬೆನ್ನಿನುದ್ದಕ್ಕೂ ಒಂದು ಸಾಲು ಹುರುಪೆ ಉಳಿದವಕ್ಕಿಂತ ದೊಡ್ಡದಾಗಿರುತ್ತದೆ. ತೋಳಹಾವಿಗೆ ಎಲ್ಲವೂ ಒಂದೇ ಅಳತೆ.

ಒಂದು ಸಲ ನಾನು ತವರಿಗೆ, ಹುಕ್ಕೇರಿ ತಾಲೂಕಿನ ಘೋಡಗೇರಿಗೆ, ಹೋಗಿದ್ದೆ. ಬೆಳಿಗ್ಗೆ ಅಣ್ಣ ಸಗಣಿ ಕುಳ್ಳಿನ ಒಟ್ಟಿಲಿಗೆ ಕೈ ಹಾಕಿದ. ಎಡಗೈ ಹೆಬ್ಬೆರಳಿಗೆ ಹಾವು ಕಚ್ಚಿತು. ನಾನು ಓಡಿಬರುವಷ್ಟರಲ್ಲಿ ಅದನ್ನು ಕೊಂದು, ಎಲ್ಲರೂ ಮಾಡುವಂತೆ, ತಲೆಯನ್ನು ಕಲ್ಲಿನಿಂದ ಜಜ್ಜಿದ್ದರು. ಸುಡುವುದಕ್ಕೆ ಕುಳ್ಳು ಜೋಡಿಸುತ್ತಿದ್ದರು. ಅಣ್ಣನ ಮಣಿಕಟ್ಟಿಗೆ ಹಗ್ಗ ಬಿಗಿದಿತ್ತು, ಅಂಗೈ ನೀಲಿಗಟ್ಟುತ್ತಿತ್ತು. ಕಾಕಾ ಕುಡಗೋಲು ಮಸೆದು ಒಂದು ಮರದ ತುಂಡು ತರಲು ಹೇಳಿದ. ವಿಷ ಮೇಲೇರುವ ಮೊದಲು ಬೆರಳು ತೆಗೆಯಬೇಕು ಎಂಬುದು ಅವನ ಮಾತು.

ನಾನು ಹಾವನ್ನು ಎತ್ತಿಕೊಂಡೆ. ಅಚ್ಚ ಬಿಳಿ ಪಟ್ಟಿ. ಬೆನ್ನು ನೋಡಿದೆ, ನಡುವಿನ ಸಾಲು ದೊಡ್ಡದೆನಿಸಲಿಲ್ಲ. ರಕ್ತ ಮೆತ್ತಿ ಸಾಲು ತಪ್ಪಿತು. ಸೆರಗಿನಿಂದ ರಕ್ತ ಒರೆಸಿ ಮತ್ತೆ ನೋಡಿದೆ. ಹಗ್ಗ ಬಿಚ್ಚಿರಿ, ಇದು ಕಟ್ಟಹಾವಲ್ಲ ಎಂದೆ.

"ಖರೆ ಗೊತ್ತೈತೇನವ್ವಾ?" ಎಂದು ಕಾಕಾ ಕೇಳಿದ.

"ಪೂರಾ ಗೊತ್ತಿಲ್ಲ ಕಾಕಾ. ಕಟ್ಟಹಾವಿಗೆ ನಡುಬೆನ್ನಿನ ಮ್ಯಾಲ ದೊಡ್ಡ ಹುರುಪಿ ಇರ್ತಾವು. ಇದಕ್ಕಿಲ್ಲ. ನನಗ ಗೊತ್ತಿರೂದು ಇಷ್ಟ."

ಕಾಕಾ ಕುಡಗೋಲು ಕೆಳಗಿಡಲಿಲ್ಲ. ಕೊನೆಗೆ ಮಾತಾಡಿದವನು ಅಣ್ಣ. ಅವನಿಗೆ ಓದು ಬರಹ ಬಾರದು.

"ತಂಗಿ ನೋಡಿ ಹೇಳ್ಯಾಳ, ಬಿಚ್ಚ ಕಾಕಾ. ನನ್ನ ಸಹಿ ಇರೂದ ಈ ಹೆಬ್ಬೆಟ್ಟಿನ್ಯಾಗ. ಇದನ್ನ ಕಡದ್ರ ನಾಳಿ ಚಾವಡ್ಯಾಗ ಏನ ಒತ್ತಲಿ, ನಿನ್ನ ಮೂಗಾ?"

ಹಗ್ಗ ಬಿಚ್ಚಿದರು. ಆಮೇಲಿನ ಹೊತ್ತನ್ನು ನಾನು ಯಾರಿಗೂ ಸರಿಯಾಗಿ ಹೇಳಿಲ್ಲ. ಕಟ್ಟಹಾವು ಕಚ್ಚಿದರೆ ಮೊದಲು ರೆಪ್ಪೆ ಜೋಲುತ್ತದೆ ಎಂದು ಕೇಳಿದ್ದೆ. ಅವನ ರೆಪ್ಪೆಗಳನ್ನೇ ನೋಡುತ್ತ ಕುಳಿತೆ. ಅವನು ರೊಟ್ಟಿ ಕೇಳಿ ತಿಂದ, ತೂಕಡಿಸಿದ. ನಾನು ಅಲುಗಾಡಿಸಿ ಎಬ್ಬಿಸಿದೆ. ಮತ್ತೆ ತೂಕಡಿಸಿದ, ಮತ್ತೆ ಎಬ್ಬಿಸಿದೆ. ಮರುದಿನ ಎದ್ದವನು ಹಾವಿಗಿಂತ ತಂಗಿಯ ಕಾಟವೇ ಹೆಚ್ಚಾಯಿತೆಂದು ಬೈದುಕೊಂಡೇ ಎತ್ತುಗಳಿಗೆ ನೀರು ಕುಡಿಸಲು ಹೋದ. ಅವನ ಹಿಂದೆ ನಿಂತು ನಾನು ಅತ್ತೆ.

ಕಾಕಾ ಹಾವನ್ನು ಸುಡಗೊಡಲಿಲ್ಲ. ಅರಿವೆಯಲ್ಲಿ ಸುತ್ತಿ, ಮಾಸ್ತರರಿಗೆ ಕೊಡು ಎಂದು ನನ್ನ ಕೈಗಿತ್ತ. ಮನೆಯವರು ಪರೀಕ್ಷಿಸಿ, ತೋಳಹಾವೇ ಎಂದು ಹೇಳಿ, ಹುಕ್ಕೇರಿ ಹಲಗೆಯ ಮೇಲೆ ಇಟ್ಟರು. ಅಂದಿನಿಂದ ಘೋಡಗೇರಿಯವರು ಹಾವು ಹೊಡೆದರೆ ತಲೆ ಜಜ್ಜುವುದಿಲ್ಲ. ಸುಡುವ ಮೊದಲು ನೋಡಿಸಬೇಕೆಂದು ಚಕ್ಕಡಿಯಲ್ಲಿ ಹೇರಿಕೊಂಡು ಗೋಕಾಕದವರೆಗೆ ಬಂದವರೂ ಇದ್ದಾರೆ.

ನಾನು ಮಾತ್ರ ಆ ಭರಣಿಯತ್ತ ನೋಡಲಿಲ್ಲ. ಅಂದು ನನ್ನ ಕಣ್ಣು ತಪ್ಪಿದ್ದರೆ ಎಂಬ ಮಾತು ಅದರೊಳಗಿತ್ತು. ಹಲಗೆ ಒರೆಸುವಾಗ ನನ್ನ ಕೈ ಅದನ್ನು ಬಳಸಿ ಹೋಗುತ್ತಿತ್ತು. ಮನೆಯವರು ಅದನ್ನು ತಾವೇ ಒರೆಸುತ್ತಿದ್ದರು, ಏನೂ ಕೇಳುತ್ತಿರಲಿಲ್ಲ.

ಮೊನ್ನೆ ಸೂಜಿ ಹಾಕಿಸಿಕೊಂಡು ಬಂದವಳು, ಆ ಭರಣಿಗೆ ಇನ್ನೆಷ್ಟು ದಿನ ಅಂಜಲಿ ಎಂದುಕೊಂಡು, ನೆಟ್ಟಗೆ ಕೊಟ್ಟಿಗೆಗೆ ಹೋದೆ. ಭರಣಿಯನ್ನು ಬಾಗಿಲ ಬೆಳಕಿಗೆ ತಂದು, ಹಾವನ್ನು ತಾಟಿನ ಮೇಲೆ ಉದ್ದಕ್ಕೆ ಚಾಚಿದೆ. ಕತ್ತಿನಿಂದ ಬಾಲದವರೆಗೆ ಬೆರಳಾಡಿಸಿದೆ. ಬಿಸಿಲು ಚೆನ್ನಾಗಿತ್ತು, ಅವಸರವಿರಲಿಲ್ಲ. ಎಲ್ಲ ಹುರುಪೆಗಳೂ ಒಂದೇ ಅಳತೆ. ಇನ್ನೊಮ್ಮೆ ನೋಡಬೇಕೆನಿಸಲಿಲ್ಲ.