ಒಬ್ಬಾಕಿ ಅಂದ್ರ ಯಾರ ಜೋಡಿ?

ಮೊನ್ನೆ ಸಹೋದ್ಯೋಗಿಯೊಬ್ಬರನ್ನು ನೋಡಲು ಧಾರವಾಡ-ಹುಬ್ಬಳ್ಳಿ ರಸ್ತೆಯ ಸತ್ತೂರಿನ ಆಸ್ಪತ್ರೆಗೆ ಹೋಗಿದ್ದೆ. ಹೊರಗೆ ಬಂದು ರಸ್ತೆ ಬದಿಯ ಅಂಗಡಿಯಲ್ಲಿ ಚಹಾ ಹೇಳಿದೆ. ಅಂಗಡಿಯವನು ಕುದಿಯುವ ಪಾತ್ರೆಗೆ ಒಂದು ಹಿಡಿ ಮಜ್ಜಿಗೆಹುಲ್ಲು ಮುರಿದು ಹಾಕಿದ. ಆ ನಿಂಬೆಯಂಥ ವಾಸನೆ ಬಂದದ್ದೇ ತಡ, ಪಕ್ಕದ ಮನೆಯ ಅಕ್ಕೋರ ಅಡುಗೆಮನೆಯಲ್ಲಿ ನಿಂತಂತಾಯಿತು...

ಅಕ್ಕೋರ ಚಹಾ ಯಾವಾಗಲೂ ಹೀಗೇ ಇರುತ್ತಿತ್ತು. ನಳದ ಪಕ್ಕ ಒಡೆದ ಬಕೀಟಿನಲ್ಲಿ ಅವರೇ ಆ ಹುಲ್ಲು ಬೆಳೆಸಿದ್ದರು. ಕನ್ನಡ ಸಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಧಾರವಾಡದ ಲಕಮನಹಳ್ಳಿಯ ನಮ್ಮ ಓಣಿಗೆಲ್ಲ ಅವರು ಅಕ್ಕೋರು. ಮದುವೆಯಾಗಿರಲಿಲ್ಲ. ಯಾರನ್ನೂ ನಂಬುತ್ತಲೂ ಇರಲಿಲ್ಲ. ಗ್ಯಾಸ್ ಸಿಲಿಂಡರ್ ತಂದವನು ಅದನ್ನು ತೂಗಿ ತೋರಿಸಬೇಕಿತ್ತು. ಮೀಟರ್ ನೋಡಲು ಬಂದವನು ಗೇಟಿನ ಹೊರಗೇ ನಿಂತು ಗುರುತಿನ ಚೀಟಿ ಕೊಡಬೇಕಿತ್ತು. ಅವರು ಚಷ್ಮಾ ಹಾಕಿಕೊಂಡು ಫೋಟೋದಲ್ಲಿದ್ದ ಮುಖವನ್ನೂ ಎದುರಿನ ಮುಖವನ್ನೂ ಹೋಲಿಸಿ ನೋಡಿ, "ಮೀಸಿ ಯಾಕ ತಗದಿ?" ಎಂದು ಕೇಳುತ್ತಿದ್ದರು. ಸಮಾಧಾನದ ಉತ್ತರ ಬಂದಮೇಲೇ ಚಿಲಕ ತೆಗೆಯುತ್ತಿದ್ದರು.

ನಾನಾಗ ಧಾರವಾಡದ ಒಂದು ಕೋಚಿಂಗ್ ಸೆಂಟರಿನಲ್ಲಿ ಭೂಗೋಳ ಕಲಿಸುತ್ತಿದ್ದೆ. ಸರಕಾರಿ ಪರೀಕ್ಷೆಗೆ ಕೂರುವವರಿಗೆ ಮೆಕಾಂಗ್ ನದಿಯನ್ನು ನೀಲಿ ಸೀಮೆಸುಣ್ಣದಲ್ಲಿ ಬರೆದು, ಅದು ಹರಿಯುವ ದೇಶಗಳನ್ನೆಲ್ಲ ಬಾಯಿಪಾಠ ಮಾಡಿಸುತ್ತಿದ್ದೆ. ಗೋವಾದ ಸಮುದ್ರ ಬಿಟ್ಟರೆ ದೊಡ್ಡ ನೀರನ್ನು ನಾನೇ ಕಂಡವಳಲ್ಲ. ಒಂದು ಬೇಸಿಗೆಯಲ್ಲಿ ಸೆಂಟರಿನ ಮಾಲಕರು ಬದಲಾಗಿ ಕೆಲವು ವಾರ ಪಾಠ ನಿಂತಿತು. ಬ್ಯಾಂಕಾಕಿಗೆ ಅಗ್ಗದ ವಿಮಾನ, ಅಲ್ಲಿಂದ ರೈಲು, ಸೇತುವೆ ದಾಟಿದರೆ ಲಾವೋಸ್. ಡಾರ್ಮಿಟರಿಯ ಹಾಸಿಗೆಯಲ್ಲಿ ಮಲಗಿ, ಮನೆಯ ಖಡಕ್ ರೊಟ್ಟಿ ತಿಂದರೆ ಕೂಡಿಟ್ಟಷ್ಟರಲ್ಲೇ ಆಗುತ್ತದೆ ಎಂದು ಲೆಕ್ಕ ಹಾಕಿ ಹೊರಟೆ.

ಅಪ್ಪನಿಗೆ ಸಂತೋಷವಾಯಿತು. ನಮ್ಮದು ಬೌದ್ಧ ಮನೆ. ಬುದ್ಧನನ್ನು ಪೂಜಿಸುವ ದೇಶಕ್ಕೆ ಮಗಳು ಹೋಗುತ್ತಾಳೆ ಎಂದು ಆಫೀಸಿನ ಹಳೆಯ ಗೆಳೆಯರಿಗೆಲ್ಲ ಹೇಳಿದ. ಅಕ್ಕೋರು ಮಾತ್ರ ಕಟ್ಟೆಯ ಮೇಲೆ ಕೂತು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಒಬ್ಬಾಕಿನ ಹೊಂಟೇನಿ ಅಕ್ಕೋರ," ಎಂದೆ.

"ಒಬ್ಬಾಕಿ ಅಂದ್ರ ಯಾರ ಜೋಡಿ?"

"ಒಬ್ಬಾಕಿ ಅಂದ್ರ ಒಬ್ಬಾಕಿನ ರೀ."

ಅಪ್ಪ ನಕ್ಕು, "ಬುದ್ಧನ ದೇಶ ಬಿಡ್ರಿ ಅದು," ಎಂದ. "ಬುದ್ಧ ಇದ್ದಲ್ಲಿ ಕಳ್ಳರು ಇರೂದಿಲ್ಲೇನ್ರಿ?" ಎಂದರು ಅಕ್ಕೋರು.

ಆಮೇಲೆ ದಿನವೂ ಬಂದು ವಿಮಾನ ಎಷ್ಟಕ್ಕೆ, ಯಾವ ಊರಲ್ಲಿ ಯಾವ ರೂಮು ಎಂದು ಕೇಳತೊಡಗಿದರು. ನನಗೆ ಅವರ ಮೇಲೇ ಅನುಮಾನ ಹುಟ್ಟಿತು. ಆಗ ನನಗೊಂದು ಮದುವೆಯ ಮಾತು ನಡೆದಿತ್ತು. ಆ ಕಡೆಯವರು ಇದ್ದಕ್ಕಿದ್ದಂತೆ ಫೋನು ಮಾಡುವುದನ್ನು ನಿಲ್ಲಿಸಿದ್ದರು. ಹುಡುಗಿ ಒಬ್ಬಳೇ ದೇಶ ಸುತ್ತಲು ಹೊರಟಿದ್ದಾಳೆ ಎಂದು ಅವರಿಗೆ ಸುದ್ದಿ ಮುಟ್ಟಿಸಿದವರು ಅಕ್ಕೋರೇ ಇರಬೇಕು ಎಂದುಕೊಂಡೆ. ಹೌದೋ ಅಲ್ಲವೋ, ಇವತ್ತಿಗೂ ತಿಳಿದಿಲ್ಲ.

ಹೊರಡುವ ದಿನ ಕರೆದು ಚಹಾ ಕೊಟ್ಟರು. "ಅಲ್ಲಿಯ ಮಂದಿಗೆ ಅಂಜಬ್ಯಾಡ. ಕನ್ನಡಾ ಮಾತಾಡಾವ್ರು ಯಾರರೆ ಸಿಕ್ಕರ ಅಂಜು," ಎಂದರು. ಯಾಕೆ ಎಂದು ಕೇಳಿದರೆ ಲೋಟ ತೊಳೆಯಲು ಹೋದರು.

ಲಾವೋಸಿನಲ್ಲಿ ಮೆಕಾಂಗ್ ನೀಲಿಯಾಗಿರಲಿಲ್ಲ. ಮಳೆಗಾಲದ ಹಳ್ಳದ ಹಾಗೆ ಕೆಂಪಗೆ, ಅಗಲವಾಗಿ, ಸದ್ದಿಲ್ಲದೆ ಹರಿಯುತ್ತಿತ್ತು. ನಾನು ದಂಡೆಯಲ್ಲಿ ಕೂತು ಒಬ್ಬಳೇ ನಕ್ಕೆ. ಬುಟ್ಟಿಯಲ್ಲಿ ಕೊಡುವ ಅಂಟು ಅನ್ನಕ್ಕೆ ಶೇಂಗಾ ಚಟ್ನಿ ಕಲಸಿಕೊಂಡು ತಿಂದೆ. ಬಸ್ಸಿನಲ್ಲಿ ಪಕ್ಕ ಕೂತವರು ಮಾತು ಬಾರದೆಯೂ ಬಾಳೆಹಣ್ಣು ಕೊಟ್ಟರು. ನಾನು ಮಾತ್ರ ಪಾಸ್‌ಪೋರ್ಟನ್ನು ಸೊಂಟಕ್ಕೆ ಕಟ್ಟಿಕೊಂಡು, ಬ್ಯಾಗಿನ ಮೇಲೆ ಕಾಲಿಟ್ಟುಕೊಂಡು ನಿದ್ದೆ ಮಾಡುತ್ತಿದ್ದೆ. ಅಷ್ಟರಮಟ್ಟಿಗೆ ಅಕ್ಕೋರು ನನ್ನೊಳಗೆ ಬಂದು ಕೂತಿದ್ದರು.

ಲುವಾಂಗ್ ಪ್ರಬಾಂಗಿನ ವಸತಿಗೃಹದಲ್ಲಿ ಒಂದು ಮಧ್ಯಾಹ್ನ ರೊಟ್ಟಿ ಮುರಿಯುತ್ತಿದ್ದಾಗ ಹಿಂದಿನಿಂದ ದನಿ ಬಂತು. "ಖಡಕ್ ರೊಟ್ಟಿ ಅಲ್ಲೇನ್ರಿ ಅದು?"

ಮನೆಯ ಫೋನು ಬಿಟ್ಟರೆ ಅಷ್ಟು ದಿನ ಕನ್ನಡ ಕಿವಿಗೆ ಬಿದ್ದಿರಲಿಲ್ಲ. ತಟ್ಟನೆ ತಿರುಗಿದೆ. ನಲವತ್ತರ ಆಸುಪಾಸಿನವನು, ಇಸ್ತ್ರಿ ಮಾಡಿದ ಅಂಗಿ. ಹಳೇ ಹುಬ್ಬಳ್ಳಿಯವನಂತೆ. ರೊಟ್ಟಿ ಕೊಟ್ಟೆ. ಒಂದು ತುಂಡು ಬಾಯಿಗಿಟ್ಟು, "ನಮ್ಮವ್ವ ಇದಕಿಂತ ತೆಳ್ಳಗ ಬಡಿತಾಳ್ರಿ. ಗಿರಣಿ ಹಿಂದ ನಮ್ಮನಿ. ಖಾನಾವಳಿಗೆ ಆಕಿದ ರೊಟ್ಟಿ ಹೋಗ್ತಾವು," ಎಂದ. ಅವನು ತಿನ್ನುತ್ತಿರುವ ಫೋಟೋ ತೆಗೆದು ನನ್ನ ಅವ್ವನಿಗೆ ಕಳಿಸಿದೆ.

ಮಾರನೆಯ ದಿನದ ಹೊತ್ತಿಗೆ ನಾನು ಅವನಿಗೆ 'ತಂಗೆವ್ವ' ಆಗಿದ್ದೆ. ಉತ್ತರದಲ್ಲಿ, ಮೂರು ದೇಶದ ಗಡಿಗಳು ನದಿಯಲ್ಲಿ ಸೇರುವ ಕಡೆ ಅವನ ಆಫೀಸು ಇತ್ತಂತೆ. ಬೆಳಿಗ್ಗೆ ಗಾಡಿ ಹೋಗುತ್ತದೆ, ಜಾಗ ಇದೆ, ಉಳಿಯಲು ರೂಮು ಪುಕ್ಕಟೆ. ಅಲ್ಲಿಯವರಿಗೆ ಇಂಗ್ಲಿಷ್ ಕಲಿಸುವವರು ಬೇಕು, ಮನಸ್ಸಾದರೆ ಉಳಿಯಬಹುದು, ಇಲ್ಲವಾದರೆ ಮರುದಿನವೇ ವಾಪಸ್ಸು ಎಂದ. ನನ್ನ ಮನಸ್ಸು ಕೆಲಸಕ್ಕೆ ಎಳೆಯಲಿಲ್ಲ, ಆ ಜಾಗಕ್ಕೆ ಎಳೆಯಿತು. ಬೋರ್ಡಿನ ಮೇಲೆ ಎಷ್ಟೋ ಸಲ ಆ ಮೂರು ಗೆರೆಗಳನ್ನು ಕೂಡಿಸಿದ್ದೆ. ಅಲ್ಲಿಗೆ ಹೋಗುವಷ್ಟು ದುಡ್ಡು ಇರಲಿಲ್ಲ. "ಗೇಟಿನ್ಯಾಗ ತೋರಿಸಾಕ ನಿಮ್ಮ ಪಾಸ್‌ಪೋರ್ಟ್ ಕೊಟ್ಟಿರ್ರಿ," ಎಂದ. ಬೆಳಿಗ್ಗೆ ಕೊಡುತ್ತೇನೆ ಎಂದೆ.

ಸಂಜೆ ಮನೆಗೆ ಫೋನು ಮಾಡಿದೆ. ಆ ಹೊತ್ತಿಗೆ ಅಕ್ಕೋರು ತಪ್ಪದೆ ನಮ್ಮ ಮನೆಯಲ್ಲಿರುತ್ತಿದ್ದರು. ಗಾಡಿಯ ವಿಷಯ ಹೇಳಿದ್ದೇ ಅವ್ವನ ಕೈಯಿಂದ ಫೋನು ತೆಗೆದುಕೊಂಡು, "ಅವನ ಕೈಯಾಗ ಕೊಡವಾ," ಎಂದರು. ಅವನು ನನ್ನ ಎದುರಿಗೇ ಕೂತಿದ್ದ. ಸ್ಪೀಕರ್ ಹಾಕಿ ಮೇಜಿನ ಮೇಲೆ ಇಟ್ಟೆ.

"ಆರಾಮ ಅದಿಯೇನಪಾ?" ಅಕ್ಕೋರ ದನಿ ಇಷ್ಟು ಮೆತ್ತಗೆ ಇದ್ದದ್ದನ್ನು ನಾನು ಕೇಳಿಯೇ ಇರಲಿಲ್ಲ. "ಹುಬ್ಬಳ್ಳ್ಯಾಗ ಮನಿ ಎಲ್ಲಿ? ನಾಳೆ ಆ ಕಡೆ ಕೆಲಸಾ ಐತಿ. ನಿಮ್ಮ ತಾಯಾರನ್ನ ಕಂಡು, ಮಗಾ ಆರಾಮ ಅದಾನ ಅಂತ ಹೇಳಿ ಬರ್ತೇನಿ."

ಅವನು ಫೋನನ್ನೇ ನೋಡಿದ. "ತಾಯಿ ಇಲ್ಲ್ರಿ. ತೀರಿಕೊಂಡಾರ."

"ಅಯ್ಯ. ಯಾವಾಗಪಾ?"

"ಭಾಳ ವರ್ಷ ಆತ್ರಿ."

"ಅಣ್ಣತಮ್ಮರು?"

"ಯಾರೂ ಇಲ್ಲ್ರಿ."

ಹಿಂದಿನ ದಿನವಷ್ಟೇ ಅವನ ಅವ್ವ ತೆಳ್ಳಗೆ ರೊಟ್ಟಿ ಬಡಿಯುತ್ತಿದ್ದಳು. ಅವನು ಎದ್ದು, "ನಿಮ್ಮ ಅಕ್ಕೋರು ಭಾಳ ಸಂಶಯದ ಮನಿಷ್ಯಾರು," ಎಂದು ನಕ್ಕು ಹೊರಗೆ ಹೋದ.

"ಆ ಗಾಡಿ ಹತ್ತಬ್ಯಾಡ," ಎಂದರು ಅಕ್ಕೋರು. ಆಮೇಲೆ, "ನನ್ನ ತಮ್ಮನ್ನ ಗಲ್ಫಿಗೆ ಕರಕೊಂಡು ಹೋದಾವನೂ ನಮ್ಮಂಗನ ಮಾತಾಡತಿದ್ದ. ನಮ್ಮನ್ಯಾಗ ಉಂಡು, ಕೈ ತೊಳಕೊಂಡು ಕರಕೊಂಡು ಹೋದಾ," ಎಂದರು. ಅಷ್ಟು ವರ್ಷ ಪಕ್ಕದ ಮನೆಯಲ್ಲಿದ್ದರೂ ಅವರಿಗೊಬ್ಬ ತಮ್ಮನಿದ್ದ ಎಂಬುದೇ ನಮಗೆ ಗೊತ್ತಿರಲಿಲ್ಲ...

ಬೆಳಿಗ್ಗೆ ಕಪ್ಪು ಗಾಜಿನ ವ್ಯಾನು ಬಂತು. ಒಳಗೆ ಇನ್ನಿಬ್ಬರು ತಲೆ ತಗ್ಗಿಸಿ ಕೂತಿದ್ದರು. ನಾನು ಗೇಟಿನ ಒಳಗೇ ನಿಂತು ಬರುವುದಿಲ್ಲ ಎಂದೆ. ಅವನು ಒತ್ತಾಯ ಮಾಡುತ್ತಾನೆ ಎಂದು ಕಾಯುತ್ತಿದ್ದೆ. ಅವನು ಒಮ್ಮೆ ಡ್ರೈವರನ ಕಡೆ ನೋಡಿ, ನನ್ನ ಹತ್ತಿರ ಬಂದು, ತುಟಿ ಅಲ್ಲಾಡಿಸಿದನೋ ಇಲ್ಲವೋ ಎನ್ನುವಷ್ಟು ಸಣ್ಣ ದನಿಯಲ್ಲಿ, "ಛಲೋ ಮಾಡಿದ್ರಿ," ಎಂದ. ಆಮೇಲೆ ಹೋಗಿ ವ್ಯಾನು ಹತ್ತಿದ.

ಅದು ಕುಹಕವೋ, ನಿಜವೋ? ಊರಿಗೆ ಬರುವವರೆಗೂ ಆ ಎರಡು ಮಾತು ನನ್ನನ್ನು ಬಿಡಲಿಲ್ಲ. ಹೊರದೇಶದಲ್ಲಿ ಕೆಲಸ ಎಂದು ಕರೆದೊಯ್ದು ಕೂಡಿಹಾಕಿ, ಫೋನಿನಲ್ಲಿ ಜನರಿಗೆ ಮೋಸ ಮಾಡಲು ಹಚ್ಚುತ್ತಾರೆ ಎಂಬ ಸುದ್ದಿಯನ್ನು ನಾನೂ ಪೇಪರಿನಲ್ಲಿ ಓದಿದ್ದೆ. ಹೀಗೆ ರೊಟ್ಟಿ ಕೇಳಿಕೊಂಡು ಬರುತ್ತದೆ ಎಂದು ಎಣಿಸಿರಲಿಲ್ಲ. ಊರಿಗೆ ಬಂದಮೇಲೆ ಆ ಮಾತನ್ನು ಅಕ್ಕೋರಿಗೆ ಹೇಳಿದೆ. "ಅವನ ಪಾಸ್‌ಪೋರ್ಟ್ ಯಾರ ಕೈಯಾಗ ಐತೋ ಏನೋ," ಎಂದರು.

ಅದೇ ವಾರ ನನ್ನನ್ನು ಕರೆದುಕೊಂಡು ಹಳೇ ಹುಬ್ಬಳ್ಳಿಗೆ ಹೊರಟರು. ಗಿರಣಿ ಸಿಕ್ಕಿತು. ಅದರ ಹಿಂದಿನ ಸಾಲಿನಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿತು. ಮುದುಕಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. ನಾನು ಫೋಟೋ ತೋರಿಸಿದೆ. ಆಕೆ ನೋಡಿದಳು, ಇನ್ನೊಮ್ಮೆ ನೋಡಿದಳು. "ಯಾರಂತ ನನಗ ಗೊತ್ತಿಲ್ಲವಾ," ಎಂದು ಬಾಗಿಲು ಹಾಕಿಕೊಂಡಳು.

"ಸುಳ್ಳು ಹೇಳಿದ್ರಲ್ಲರೀ ಅವ್ರು," ಎಂದೆ ಬಸ್ಸಿನಲ್ಲಿ.

"ಹೇಳ್ಲಿಬಿಡು. ನಮ್ಮನ್ನ ಆಕಿ ಯಾಕ ನಂಬಬೇಕು?" ಎಂದರು ಅಕ್ಕೋರು.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಮುಗಿದಿರಲಿಲ್ಲ. ಹೋದ ವರ್ಷ ಇದೇ ಸತ್ತೂರಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ ಅಕ್ಕೋರು ತಾವಾಗಿಯೇ ಹೇಳಿದರು: ಆಗಾಗ ಒಬ್ಬರೇ ಅಲ್ಲಿಗೆ ಹೋಗುತ್ತಿದ್ದರಂತೆ. ಮೊದಮೊದಲು ಹೊರಗೆ ನಿಂತು ರೊಟ್ಟಿ ಕೊಂಡು ಬಂದರು. ಆಮೇಲೊಂದು ದಿನ ಮುದುಕಿ ಒಳಗೆ ಕರೆದಳು. ಮಗ ಎಂದಾದರೊಮ್ಮೆ ಫೋನು ಮಾಡಿ ಆರಾಮ ಇದ್ದೇನೆ ಎನ್ನುತ್ತಾನಂತೆ. "ನನಗ ಖರೇ ಅನಸೂದಿಲ್ಲ ಅಂದಳು. ನನಗೂ ಅನಸೂದಿಲ್ಲ ಅಂದೆ," ಎಂದರು ಅಕ್ಕೋರು. ಎಷ್ಟೋ ವರ್ಷಗಳ ಮೇಲೆ ಅವರಿಗೊಬ್ಬ ಗೆಳತಿ ಸಿಕ್ಕಿದ್ದಳು. ಪೊಲೀಸರಿಗೆ ಅರ್ಜಿ ಕೊಡೋಣ ಎಂದರೆ, ಮಗನನ್ನೇ ಕಳ್ಳ ಎಂದು ಹಿಡಿದಾರು ಎಂಬ ಹೆದರಿಕೆ ಆಕೆಗೆ. ಅವಳ ಮನಸ್ಸು ತಿರುಗಿಸುವ ಮೊದಲೇ ಅಕ್ಕೋರು ಹಾಸಿಗೆ ಹಿಡಿದರು. ಮತ್ತೆ ಮನೆಗೆ ಬರಲಿಲ್ಲ.

ಆ ಮುದುಕಿಗೆ ಅಕ್ಕೋರು ತೀರಿಕೊಂಡ ಸುದ್ದಿ ತಿಳಿಸಬೇಕಿತ್ತು. ಇವತ್ತು ನಾಳೆ ಎನ್ನುತ್ತ ವರ್ಷವೇ ಹೋಯಿತು. ಮೊನ್ನೆ ಚಹಾದ ಲೋಟ ಇಟ್ಟವಳು ಧಾರವಾಡದ ಕಡೆ ಬರದೆ, ಚಿಗರಿ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋದೆ.

ಬಾಗಿಲಿಗೆ ಬೀಗ ಹಾಕಿತ್ತು. ಪಕ್ಕದ ಮನೆಯ ಹೆಣ್ಣುಮಗಳು ಹೊರಗೆ ಬಂದಳು. "ಮಗನ ಕಡಿಯವ್ರು ಬಂದು ಗಾಡ್ಯಾಗ ಕರಕೊಂಡು ಹೋದ್ರಲ್ಲರೀ," ಎಂದಳು.

"ಮಗಾ ಬಂದಿದ್ನೇನ್ರಿ?"

"ಇಲ್ಲ್ರಿ, ಅವನ ಕಡಿಯವ್ರು."

"ಅವನ ಕಡಿಯವ್ರು ಅಂದ್ರ ಯಾರ್ರಿ? ಯಾವ ಊರಿಗೆ ಹೋದ್ರು?"

"ನಾವು ಕೇಳಾಕ ಹೋಗಲಿಲ್ಲ್ರಿ. ಯಾರರೆ ಯಾಕ ಕೇಳ್ತಾರ?"

ಕೇಳುವವರು ಒಬ್ಬರಿದ್ದರು... ಅವರು ಹೋಗಿ ವರ್ಷವಾಯಿತು ಎಂಬುದು ಆ ಕಟ್ಟೆಯ ಮೇಲೆ ನಿಂತಾಗ ನನಗೆ ಸರಿಯಾಗಿ ಗೊತ್ತಾಯಿತು. ಬೀಗವನ್ನು ಒಮ್ಮೆ ಎಳೆದು ನೋಡಿದೆ. ಆಮೇಲೆ ಸಾಲಿನ ಮುಂದಿನ ಮನೆಗೆ ಹೋಗಿ ಕದ ತಟ್ಟಿದೆ.